ಏಳನೆಯ ಬೋಲ್ಟು

ಹಸ್ತಸ್ಮಾರಿ ತೊಟ್ಟ ಪ್ರಭಾಕರ ಹೊಂಬಾಳಿಯ ಕೈಗಳು ಅವನನ್ನು ಕೇಳದೆಯೇ ಕೆಲಸ ಮಾಡುತ್ತಿದ್ದವು. ಕೆಂಪು ಸ್ಪೋರ್ಟ್ಸ್ ಕಾರಿನ ಎಂಜಿನ್ ತಲೆಯ ಮೇಲೆ ಸ್ಪ್ಯಾನರ್ ಒಂದೊಂದೇ ಬೋಲ್ಟನ್ನು ಬಿಗಿಯುತ್ತ ಹೋಯಿತು. ನಿಂಬೆಹಣ್ಣು ನೆಟ್ಟಗೆ ಹೆಚ್ಚಲು ಬಾರದ ಈ ಬಟ್ಟೆ ವ್ಯಾಪಾರಿ, ಗ್ಯಾರೇಜಿನವರಿಗೆ ಯಾಕೆ ದುಡ್ಡು ಸುರಿಯಬೇಕೆಂದು ಹುಬ್ಬಳ್ಳಿಯ ತನ್ನ ಮನೆಯಂಗಳದಲ್ಲೇ ಎಂಜಿನ್ ಬಿಚ್ಚಿ ಕೂತಿದ್ದ.

ಹಸ್ತಸ್ಮಾರಿ ಎಂದರೆ ತೆಳ್ಳನೆಯ ಕೈಗವಸು. ನುರಿತ ಮಿಸ್ತ್ರಿಯೊಬ್ಬನ ಸ್ನಾಯುಗಳ ಒಂದೊಂದು ಸೆಳೆತವನ್ನೂ ಅದು ನರಮುದ್ರೆಯಾಗಿ ದಾಖಲಿಸಿಕೊಂಡು, ತೊಟ್ಟವನ ಕೈಯಲ್ಲಿ ಹಾಗೆಯೇ ಮರುಕಳಿಸುತ್ತದೆ. ಕೈ ಕೆಸರಾಗದೆ ಬಾಯಿ ಮೊಸರಾಗುವ ಕಾಲ ಬಂದಿತ್ತು. ಊರಿನ ಗ್ಯಾರೇಜುಗಳು ಒಂದೊಂದಾಗಿ ಬಾಗಿಲು ಹಾಕಿದ್ದವು.

ಏಳನೆಯ ಬೋಲ್ಟಿಗೆ ಬಂದಾಗ ಕೈ ನಡುಗಿತು. ಸ್ಪ್ಯಾನರ್ ಅರ್ಧ ಸುತ್ತಿಗೇ ನಿಂತು, ಎಂಟನೆಯದಕ್ಕೆ ಹೋಯಿತು. ಪ್ರಭಾಕರನಿಗೆ ಕಾರಣವಿಲ್ಲದೆ ಎದೆ ಭಾರವಾಯಿತು. ಇದು ಮೂರನೆಯ ಸಲ. ಕಸುಬಿನ ಗುಟ್ಟಿರಬೇಕೆಂದು ಅವನು ಆ ಬೋಲ್ಟನ್ನು ಹಾಗೆಯೇ ಬಿಟ್ಟಿದ್ದ; ಹಿಂದಿನ ಎರಡು ಸಲವೂ ಅಲ್ಲಿಂದಲೇ ನೀರು ಸೋರಿ ಎಂಜಿನ್ ಕಾದಿತ್ತು. ಇನ್ನೊಮ್ಮೆ ಕಾದರೆ ಕಾರು ಗುಜರಿಗೆ. ಅವನು ಹಸ್ತಸ್ಮಾರಿಯನ್ನು ರೂಪಿಸಿದ ವಿಜ್ಞಾನಿ ಮೃಣಾಲಿನಿ ಕಾರಟಗಿಯವರನ್ನೇ ಹುಡುಕಿಕೊಂಡು ಹೋದ.

"ಏಳನೇದಕ್ಕ ಬಂದ್ರ ಕೈ ನಡಗತಾವ್ರಿ. ಎದಿ ಭಾರ ಆಗತೈತಿ. ನನಗೊಬ್ಬನಿಗೇ ಹಿಂಗೇನು?"

"ಇಲ್ಲ. ಹನ್ನೊಂದು ಸಾವಿರ ಜನ ಇದನ್ನೇ ಹೇಳಿದ್ದಾರೆ," ಎಂದರು ಮೃಣಾಲಿನಿ. "ಯಾಕೆಂದು ನಮಗೂ ತಿಳಿದಿಲ್ಲ. ಈ ನರಮುದ್ರೆ ಕೊಟ್ಟ ಮಿಸ್ತ್ರಿಯನ್ನೇ ಕೇಳೋಣ ಬನ್ನಿ."

ದಸ್ತಗೀರ್ ಮಿಸ್ತ್ರಿ ಮುಚ್ಚಿದ ಗ್ಯಾರೇಜಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಪ್ರಭಾಕರ ಕೈಗವಸು ತೊಟ್ಟು ಬರಿಗಾಳಿಯಲ್ಲೇ ಬೋಲ್ಟು ಬಿಗಿದು ತೋರಿಸಿದ. ಏಳನೆಯದಕ್ಕೆ ಕೈ ನಡುಗುತ್ತಲೇ ಮುದುಕನ ಮುಖ ಬಿಳಿಚಿಕೊಂಡಿತು.

"ಅವತ್ತ ಇವರ ಲ್ಯಾಬಿನ್ಯಾಗ ನನ್ನ ಕೈಕೆಲಸ ದಾಖಲ ಮಾಡೂ ಮುಂದ, ಆ ಬೋಲ್ಟಿಗೆ ಪಾನಾ ಹಾಕಿದ್ದೆ. ಫೋನ್ ಬಂತು. ಮೆಹಬೂಬಿ ಹೋದ್ಲು ಅಂದ್ರು, ನನ್ನ ಹೇಣ್ತಿ. ಏಳಾಕ ಹೊಂಟೆ. ಗಾಜಿನ ಆಚಿಗಿಂದ ಯಾರೋ ಕೈ ಮಾಡಿ, ಮುಗಿಸೇ ಹೋಗು ಅಂದ್ರು. ಅದನ್ನ ಅರ್ಧಕ್ಕ ಬಿಟ್ಟು ಉಳಿದವು ಬಿಗದು ಹೋದೆ."

ಮೃಣಾಲಿನಿಯವರ ತಲೆ ತಗ್ಗಿತು. "ಕೈ ಮಾಡಿದವಳು ನಾನೇ. ಫೋನಿನಲ್ಲಿ ಏನು ಸುದ್ದಿ ಬಂತೆಂದು ಕೇಳಲಿಲ್ಲ." ಆಮೇಲೆ ಕೈಗವಸಿನತ್ತ ನೋಡಿ ಹೇಳಿದರು, "ಈ ನಡುಕವನ್ನು ಎಲ್ಲ ಕೈಗವಸುಗಳಿಂದ ಇವತ್ತೇ ಅಳಿಸಬೇಕು. ಇಲ್ಲದಿದ್ದರೆ ಅಷ್ಟೂ ಎಂಜಿನ್ ಹಾಳಾಗುತ್ತವೆ."

"ಅಷ್ಟೂ ಅಂದ್ರ?"

"ಹನ್ನೊಂದು ಸಾವಿರ."

"ಹನ್ನೊಂದು ಸಾವಿರ ಮಂದಿ ಕೈ ನಡಗ್ಯಾವಾ?" ಮುದುಕ ಪ್ರಭಾಕರನತ್ತ ತಿರುಗಿದ. "ಎಲ್ಲಾರಿಗೂ ಎದಿ ಭಾರ ಆತಾ? ಆಕಿ ಜನಾಜಾ ಹೊರಾಕ ನಾಲ್ಕು ಹೆಗಲು ಕೂಡಿದ್ದಿಲ್ರೀ."

ಪ್ರಭಾಕರನಿಗೆ ತನ್ನ ಕಾರಿನ ಚಿಂತೆಯ ಬಗ್ಗೆಯೇ ನಾಚಿಕೆಯಾಯಿತು. ಆದರೆ ಮುದುಕ ಎಷ್ಟಾದರೂ ಮಿಸ್ತ್ರಿ. ಸಡಿಲ ಬೋಲ್ಟು ಏನು ಮಾಡಬಲ್ಲದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ಅಳಸ್ರಿ," ಎಂದ. "ಅದಕ್ಕೂ ಮೊದಲ, ಇನ್ನೊಂದ್ಸಲ ಮಾಡ್ರಿ."

ಪ್ರಭಾಕರ ಮತ್ತೆ ಕೈ ಎತ್ತಿದ. ಒಂದು, ಎರಡು, ಮೂರು. ಏಳಕ್ಕೆ ಬಂದಾಗ ಮುದುಕ ಆ ನಡುಗುವ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಅದು ಎಂಟನೆಯದರತ್ತ ಜಗ್ಗುವವರೆಗೂ ಬಿಡಲಿಲ್ಲ.