ಪ್ಲಾಟರ್ ಬರೆದ ತೊಟ್ಟಿಲು

ಇದು ೧೯೯೬ರ ಮೇ ತಿಂಗಳಲ್ಲಿ, ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಹಾಡುಹಗಲೇ ನಡೆದದ್ದು. ನಮ್ಮ ಆಫೀಸಿಗೆ ಬಂದ ಹೊಸ ಕಂಪ್ಯೂಟರ್, ನಕ್ಷೆ ಬರೆಯುವ ಹಳೆಯ ಪ್ಲಾಟರ್ ಯಂತ್ರವನ್ನು ಗುರುತಿಸಲೇ ಇಲ್ಲ. ಆ ಯಂತ್ರವನ್ನು ಕಂಪ್ಯೂಟರಿಗೆ ಹೊಂದಿಸುವ ಡ್ರೈವರ್ ಪ್ರೋಗ್ರಾಂ ಬರೆದಿದ್ದ ನಮ್ಮ ಸಹೋದ್ಯೋಗಿ ನಂಜುಂಡಯ್ಯನವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಫ್ಲಾಪಿ ಹುಡುಕಿ ತೆಗೆದೆ. ‘ಮೊದಲು ಮೆಮರಿ ಕ್ಯಾಶ್ ಆಫ್ ಮಾಡಿ’ ಎಂದು ಅದರ ಮೇಲೆ ಅವರೇ ಬರೆದಿದ್ದರು. ಹಾಗೆಯೇ ಮಾಡಿ, ಹೊಸ ಕಂಪ್ಯೂಟರಿನ ವೇಗ ಹಳೆಯ ಯಂತ್ರಕ್ಕೆ ತಕ್ಕಷ್ಟು ತಗ್ಗಿದ ಮೇಲೆ ಡ್ರೈವರ್ ಹಾಕಿದೆ.

ನಾನು ಏನನ್ನೂ ಕಳಿಸುವ ಮುನ್ನವೇ ಪ್ಲಾಟರಿನ ಪೆನ್ನು ಎದ್ದಿತು. ಆ ಸೆಕೆಯಲ್ಲೂ ಯಂತ್ರ ಮುಟ್ಟಿದರೆ ತಣ್ಣಗಿತ್ತು. ಎಂದೋ ಒಣಗಿದ್ದ ಪೆನ್ನಿನಿಂದ ಹಸಿ ಶಾಯಿಯ ವಾಸನೆ ಬರುತ್ತಿತ್ತು. ಅದು ನಿಧಾನವಾಗಿ ಎರಡು ತೊಟ್ಟಿಲು ಬರೆದು ನಿಂತಿತು.

ಸಂಜೆ ಆ ಹಾಳೆಯನ್ನು ಅವರ ಹೆಂಡತಿ ಶಾರದಮ್ಮನವರಿಗೆ ತೋರಿಸಿದೆ. ಅವರು ನಕ್ಕುಬಿಟ್ಟರು.

“ಕಾಲೊನಿಯಲ್ಲಿ ಯಾರ ಮನೇಲಿ ಸಿಹಿಸುದ್ದಿ ಇದ್ರೂ ನಮ್ಮನೆಯವರು ಹೀಗೇ ಬರೆದುಕೊಡ್ತಿದ್ರು, ಸಂಧ್ಯಾ. ನಿಂಗೆಷ್ಟು ತಿಂಗಳು?”

ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನಿಂತ ಬಸಿರು. ಹೆದರಿಕೆಯಿಂದ ಯಾರಿಗೂ ಹೇಳಿರಲಿಲ್ಲ.

“ಎರಡು,” ಎಂದೆ. ಶಾರದಮ್ಮ ನನ್ನ ಬಾಯಿಗೆ ಬೆಲ್ಲದ ಚೂರು ಇಟ್ಟು ತಬ್ಬಿಕೊಂಡರು.

ಡಿಸೆಂಬರಿನಲ್ಲಿ ಮಯೂರ್, ಮಹಿಮಾ ಒಟ್ಟಿಗೇ ಹುಟ್ಟಿದರು. ಆ ಫ್ಲಾಪಿಯನ್ನು ಆಮೇಲೆ ಎಷ್ಟೋ ಸಲ ತೆರೆದು ನೋಡಿದ್ದೇನೆ. ಅದರಲ್ಲಿರುವುದು ಡ್ರೈವರಿನ ಫೈಲ್ ಒಂದೇ, ಚಿತ್ರ ಯಾವುದೂ ಇಲ್ಲ.