ನೆಲದಲ್ಲಿ ಹೂತಿಟ್ಟ ಹೆಂಡದ ಮಡಕೆ

ಬಹಳ ಬಹಳ ಹಿಂದೆ, ನವಣೆಗಿರಿ ಎಂಬ ರಾಜ್ಯದಲ್ಲಿ ಯಾರಿಗೂ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಕೋಟೆಗೋಡೆಯ ಮೇಲೆ ಧೂಮಕೇಶಿ ಎಂಬ ಮಾಯಾವಿ ಹಗಲಿರುಳು ನಡೆಯುತ್ತಿದ್ದ. ಅವನು ಹೆಜ್ಜೆಯಿಟ್ಟರೆ ನೆಲ ನಡುಗುತ್ತಿತ್ತು. ಆ ನಡುಕ ಎಲ್ಲರ ಕಾಲಿಗೂ ಹತ್ತುತ್ತಿತ್ತು. ರಾಜ ನಡೆಯುತ್ತಲೇ ಉಣ್ಣುತ್ತಿದ್ದ. ತಾಯಂದಿರು ನಡೆಯುತ್ತಲೇ ಹಾಲೂಡಿಸುತ್ತಿದ್ದರು. ಕೋಳಿಗಳು ಕಾವು ಕೂರದೆ ಮೊಟ್ಟೆಗಳು ಹಾಳಾಗುತ್ತಿದ್ದವು.

"ನನಗೆ ಒಪ್ಪುವ ಹೊಸ ಹೆಂಡ ಮಾಡಿ ತನ್ನಿ. ಆಗ ನಿಮ್ಮನ್ನು ಬಿಡುತ್ತೇನೆ. ಮೂರು ಸಲ ಸೋತವರು ಕೊಕ್ಕರೆಯಾಗುತ್ತಾರೆ" ಎಂದಿದ್ದ ಮಾಯಾವಿ. ಹೋದವರೆಲ್ಲ ಕೊಕ್ಕರೆಯಾದರು. ಹೆಂಡ ಮಾಡುವ ಚನ್ನಿಗ ಎಂಬವನೂ ಆದ. ಅವನ ಹೆಂಡತಿ ಸಂಕಮ್ಮ ಹೆಂಡ ಮಾಡುವುದರಲ್ಲಿ ಗಂಡನಿಗಿಂತ ಗಟ್ಟಿಗಿತ್ತಿ. ಅವಳೂ ಹೊರಟಳು.

ಮೊದಲ ಸಲ ಮೊಳಕೆ ರಾಗಿಯನ್ನು ಕಪ್ಪಗೆ ಹುರಿದು, ಖಾರವಾದ ಹೆಂಡ ಮಾಡಿದಳು. ಮಾಯಾವಿ ನಡೆಯುತ್ತಲೇ ಒಂದೇ ಗುಟುಕಿಗೆ ಮುಗಿಸಿದ.

"ಇದು ಕಾಲನ್ನು ಇನ್ನಷ್ಟು ಓಡಿಸುತ್ತದೆ" ಎಂದ. ಸಂಕಮ್ಮನ ಕಾಲು ಕೊಕ್ಕರೆಯ ಕಾಲಾಯಿತು.

ಎರಡನೇ ಸಲ ಜೇನು ಬೆರೆಸಿದಳು. ಅದನ್ನೂ ನಡೆಯುತ್ತಲೇ ಮುಗಿಸಿದ.

"ನಾಲಿಗೆಗೆ ಹಿಡಿಸಿತು. ಆಮೇಲೆ?" ಎಂದ. ಅವಳ ತೋಳು ರೆಕ್ಕೆಯಾಯಿತು.

ಉಳಿದದ್ದು ಒಂದೇ ಸಲ. ಹುಳಿ ಮಾಡಲೇ, ಹೊಗೆ ಕೊಡಲೇ, ಸೊಪ್ಪು ಹಾಕಲೇ ಎಂದು ಸಂಕಮ್ಮ ಕೋಟೆಯ ತುಂಬ ಸುತ್ತಿದಳು. ಒಂದು ಕೊಕ್ಕರೆ ಅವಳ ಬೆನ್ನು ಬಿಡದೆ ಬರುತ್ತಿತ್ತು. ಅದು ಚನ್ನಿಗನೆಂದು ಅವಳಿಗೆ ಗೊತ್ತಾಯಿತು. ಆದರೆ ನಿಂತು ಅಳಲೂ ಕಾಲು ಬಿಡಲಿಲ್ಲ.

ಕೊನೆಗೆ ಗೋಡೆ ಹತ್ತಿ ಮಾಯಾವಿಯ ಜೊತೆಯಲ್ಲೇ ನಡೆದಳು. ಅವನ ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು.

"ಒಡೆಯಾ, ಕೂತು ಎಷ್ಟು ಕಾಲವಾಯಿತು?"

"ಮರೆತಿದ್ದೇನೆ. ನಿಂತರೆ ಯಾರೋ ಅಟ್ಟಿಸಿಕೊಂಡು ಬಂದಂತಾಗುತ್ತದೆ."

"ಯಾವ ರುಚಿ ಬೇಕು, ಅದನ್ನಾದರೂ ಹೇಳು."

"ಗೊತ್ತಿದ್ದರೆ ನಿಮ್ಮನ್ನು ಯಾಕೆ ಕಾಡುತ್ತಿದ್ದೆ?"

ಸಂಕಮ್ಮ ಅವನ ನಾಲಿಗೆಯ ಚಿಂತೆ ಬಿಟ್ಟಳು. ಅವನ ಕಾಲಿನ ಚಿಂತೆ ಹಿಡಿದಳು.

ಅವಳಿಗೆ ಈಗ ಕೈಯಿರಲಿಲ್ಲ. ಕೊಕ್ಕರೆಗಳೇ ಮೊಳಕೆ ರಾಗಿಯನ್ನು ತುಳಿದು ಕೊಟ್ಟವು. ಅವಳು ರೆಕ್ಕೆಯಿಂದ ಹೊಟ್ಟು ಹಾರಿಸಿದಳು. ಬೇಯಿಸಿದ ರಾಗಿಯನ್ನು ಸೋಸದೆ ಹಾಗೇ ಹುಳಿಯಲು ಬಿಟ್ಟಳು. ಒಂಬತ್ತನೆಯ ದಿನ ಅದನ್ನು ದೊಡ್ಡ ಮಡಕೆಗೆ ತುಂಬಿಸಿ, ಮಡಕೆಯನ್ನು ಕೋಟೆಯ ಅಂಗಳದಲ್ಲಿ ಕುತ್ತಿಗೆಯವರೆಗೆ ಹೂಳಿಸಿದಳು. ರಾಜನೇ ಬಂದು ಅದರೊಳಗೆ ಬಿಸಿನೀರು ಸುರಿದ. ಸಂಕಮ್ಮ ಒಂದು ಜೊಂಡಿನ ಕೊಳವೆಯನ್ನು ಬಾಯಲ್ಲಿ ಕಚ್ಚಿ ಅದರಲ್ಲಿ ನೆಟ್ಟಳು.

ಮಾಯಾವಿ ಮಡಕೆಯ ಸುತ್ತ ಸುತ್ತಿದ. "ಎತ್ತಿ ಕೊಡು."

"ಎತ್ತಲು ಬರುವುದಿಲ್ಲ, ಒಡೆಯಾ. ನೀನೇ ಬಗ್ಗಬೇಕು."

ಬಗ್ಗಿ ಜೋರಾಗಿ ಹೀರಿದ. ನಾಲಿಗೆ ಸುಟ್ಟಿತು. ಕಾಲು ಅವನನ್ನು ಎಳೆದುಕೊಂಡು ಹೋಯಿತು. ಮತ್ತೆ ಬಂದ, ಮಂಡಿಯೂರಿದ, ಈ ಸಲ ಮೆಲ್ಲಗೆ ಹೀರಿದ. ಬೆಚ್ಚನೆಯ ಎಳೆಹುಳಿ ಗಂಟಲಿಳಿಯಿತು. ಮತ್ತೊಮ್ಮೆ ಕಾಲು ಎಳೆಯಿತು, ಮತ್ತೆ ಬಂದ. ಮೂರನೆಯ ಸಲ ಬಂದವನು ಮಡಕೆಯ ಪಕ್ಕದಲ್ಲಿ ಕಾಲು ಚಾಚಿ ಕೂತೇಬಿಟ್ಟ.

ನೆಲದ ನಡುಕ ನಿಂತಿತು. ಅವನ ಮಾಯೆಯೆಲ್ಲ ಇದ್ದದ್ದು ನಡಿಗೆಯಲ್ಲಿ. ಅದು ಅಂಗಾಲಿನಿಂದ ಮಣ್ಣಿಗೆ ಇಳಿದುಹೋಯಿತು. ಸಂಕಮ್ಮನಿಗೆ ಕೈಕಾಲು ಮರಳಿದವು. ಕೊಕ್ಕರೆಗಳೆಲ್ಲ ಮನುಷ್ಯರಾದವು. ಚನ್ನಿಗ ಓಡಿ ಬಂದು ಹೆಂಡತಿಯ ಕೈ ಹಿಡಿದುಕೊಂಡ. ಇಬ್ಬರೂ ಇದ್ದಲ್ಲೇ ಕುಸಿದು ಕೂತರು. ಊರಿಗೆ ಊರೇ ಬೀದಿಯಲ್ಲಿ, ಮೆಟ್ಟಿಲ ಮೇಲೆ, ಬಾವಿಕಟ್ಟೆಯ ಮೇಲೆ ಕೂತಿತು.

ಮಾಯಾವಿ ಈಗ ಬರೀ ಒಬ್ಬ ಮುದುಕ. ಸುತ್ತ ನೋಡಿದ, ತಲೆ ತಗ್ಗಿಸಿದ. ಶಿಕ್ಷೆ ಏನಾಗಲಿ ಎಂದು ರಾಜ ಸಂಕಮ್ಮನನ್ನು ಕೇಳಿದ.

"ಮೊದಲು ಕುಡಿದು ಮುಗಿಸಲಿ" ಎಂದಳು ಅವಳು.

ಮುದುಕ ಕೊಳವೆಯಿಂದ ಬಾಯಿ ತೆಗೆದು, "ಇನ್ನೊಂದಿಷ್ಟು ಬಿಸಿನೀರು ಹಾಕು ತಾಯಿ" ಎಂದ. ಸಂಕಮ್ಮ ಹಾಕಿದಳು. ನವಣೆಗಿರಿಯವರು ಅಂದಿನಿಂದ ಬದುಕಿರುವವರೆಗೂ ನೆಮ್ಮದಿಯಾಗಿ ಕೂತು ಉಂಡರು.