ನೇರಳೆ ಕಣ್ಣೀರು ಸುರಿಸಿದ ಬಿಳಿ ಕಾರು

"ಅಯ್ಯೋ! ಏನ್ರೀ ಇದು? ನನ್ನ ಕಾರಿಗೆ ಏನು ಹಾಕಿದ್ರಿ?!"

ಅವನ ಕೂಗಿಗೆ ಅವಳ ಕೈಯಲ್ಲಿದ್ದ ಬಾಟಲಿ ಬಿದ್ದೇಹೋಯಿತು.

ಬಿಳಿ ಕಾರಿನ ಮೈತುಂಬಾ ನೇರಳೆ ಹನಿಗಳು ಮೂಡಿ, ಗೆರೆಗೆರೆಯಾಗಿ ಇಳಿಯುತ್ತಿದ್ದವು... ಕಾರೇ ಅಳುತ್ತಿದೆಯೇನೋ ಎಂಬಂತೆ!

"ಗಾಬರಿಯಾಗ್ಬೇಡಿ. ಅದು ಪೇಂಟ್ ಅಲ್ಲ..."

"ನನಗೆ ಕಣ್ಣಿಲ್ವಾ? ಬಣ್ಣ ಹರಿದುಹೋಗ್ತಿದೆ! ಕೆಲಸ ಬರದಿದ್ರೆ ಅಂಗಡಿ ಯಾಕೆ ಇಟ್ಕೊಂಡಿದ್ದೀರಿ? ಕೀ ಕೊಡಿ!"

ಅವಳ ಎದೆಗೆ ಚುಚ್ಚಿದಂತಾಯಿತು. ಅಪ್ಪ ತೀರಿಕೊಂಡ ಮೇಲೆ ಈ ಕಾರು ತೊಳೆಯುವ ಶೆಡ್ಡನ್ನು ಒಬ್ಬಳೇ ನಡೆಸುತ್ತಿದ್ದಳು. ಎಂಥೆಂಥವರ ಮಾತೋ ಕೇಳಿದ್ದಳು. ಆದರೆ ಈ ಮನುಷ್ಯ... ಬೆಳಿಗ್ಗೆ ಬಂದಾಗ, "ಅಮ್ಮನ ಕಾರು, ಸ್ವಲ್ಪ ಜೋಪಾನ" ಎಂದು ಎಷ್ಟು ಮೆತ್ತಗೆ ಹೇಳಿದ್ದ! ಆ ದನಿಗೇ ಅವಳ ಮನಸ್ಸು ಒಂದು ಗಳಿಗೆ ತಾಳ ತಪ್ಪಿತ್ತು.

"ಕೊಡ್ತೀನಿ," ತುಟಿ ಕಚ್ಚಿ ಹೇಳಿದಳು. "ಈ ದ್ರಾವಣ ಕಾರಿನ ಮೇಲೆ ಒಣಗಬಾರದು. ತೊಳೆದುಕೊಡ್ತೀನಿ, ಆಮೇಲೆ ಎಲ್ಲಿಗಾದ್ರೂ ತಗೊಂಡು ಹೋಗಿ."

ಪೈಪು ಹಿಡಿದಳು. ನೇರಳೆ ನೀರು ಹರಿದು ಚರಂಡಿ ಸೇರಿತು. ಅದರಡಿ... ಹಾಲಿನಂಥ ಬಿಳುಪು!

ಅವನು ಬಗ್ಗಿ ಹತ್ತಿರದಿಂದ ನೋಡಿದ.

"ಕಾರು ಎಲ್ಲಿ ನಿಲ್ಲಿಸ್ತೀರಿ?" ಅವಳು ಕೇಳಿದಳು.

"ರೈಲು ಹಳಿ ಪಕ್ಕ. ನಾನು ರೈಲು ಓಡಿಸೋನು."

"ಹಾಗಾದ್ರೆ ನಿಮ್ಮ ರೈಲಿನದ್ದೇ! ಬ್ರೇಕ್ ಹಾಕಿದಾಗ ಏಳೋ ಕಬ್ಬಿಣದ ಪುಡಿ ಪೇಂಟಿಗೆ ಕಚ್ಚಿಕೊಳ್ಳುತ್ತೆ. ಬಿಟ್ರೆ ತುಕ್ಕು. ನಾನು ಹಾಕಿದ್ದು ತಾಗಿದ್ರೆ ಆ ಪುಡಿ ಕರಗಿ ನೇರಳೆಯಾಗುತ್ತೆ, ಅಷ್ಟೇ."

ಅವನು ತಲೆ ತಗ್ಗಿಸಿದ. "ತಪ್ಪಾಯ್ತು... ಅಮ್ಮ ಇದನ್ನೇ ಟ್ಯಾಕ್ಸಿ ಓಡಿಸಿ ನನ್ನ ಸಾಕಿದ್ದು. ಈಗ ಅವರಿಗೆ ಕಣ್ಣು ಕಾಣಲ್ಲ. ಮೊನ್ನೆ ಮುಟ್ಟಿ ನೋಡಿ, 'ಇಷ್ಟು ಒರಟು ನನ್ನ ಕಾರಲ್ಲ. ಮಾರಿಬಿಟ್ಯಾ?' ಅಂದ್ರು. ಒಳಗೆ ಕೂರೋಕೂ ಒಪ್ಪಲ್ಲ. ನನ್ನ ಜೊತೆ ಮಾತೇ ಬಿಟ್ಟಿದ್ದಾರೆ."

ಅವಳ ಸಿಟ್ಟು ಜರ್ರನೆ ಇಳಿದುಹೋಯಿತು.

"ಅವರನ್ನ ಕರ್ಕೊಂಡು ಬನ್ನಿ."

ಅವನು ಹೊರಟ ಮೇಲೆ ಸೋಪಿನ ನೀರು ಚಿಮುಕಿಸಿ, ಉಳಿದ ಪುಡಿಯನ್ನು ಎಳೆದುಕೊಳ್ಳುವ, ಹಿಟ್ಟಿನಂಥ ಮೆತ್ತನೆ ಕ್ಲೇ ಮುದ್ದೆಯನ್ನು ಕಾರಿನ ಮೈಮೇಲೆ ಹಗುರಾಗಿ ಆಡಿಸಿದಳು. ಗರಗರ ಎನ್ನುತ್ತಿದ್ದ ಮುದ್ದೆ ಬರಬರುತ್ತಾ ಸದ್ದಿಲ್ಲದೆ ಜಾರಿತು. ಕೊಳೆ ಅಂಟಿದ ಮಗ್ಗುಲನ್ನು ಒಳಗೆ ಮಡಚಿ, ಮತ್ತೆ ನಾದಿ, ಮತ್ತೆ ಆಡಿಸಿದಳು. ಕೊನೆಗೆ ಮೇಣದ ಪಾಲಿಶ್.

'ದೇವರೇ, ಆ ತಾಯಿಗೆ ಗುರುತು ಸಿಗಲಿ...'

ತಾಯಿ ಬಂದರು. ಮುಖ ಬಿಗಿದುಕೊಂಡೇ ಬಾನೆಟ್ಟಿನ ಮೇಲೆ ಬೆರಳಿಟ್ಟರು. ಬೆರಳು ನುಣ್ಣಗೆ ಜಾರಿತು... ನಿಂತಿತು. ಅಂಗೈ ಊರಿ, ಬಾಗಿಲಿನವರೆಗೂ ಸವರಿದರು.

"ಬಂದ್ಯೇನೇ ನನ್ನ ಬಂಗಾರ!"

ಕಾರಿಗೆ ಕೆನ್ನೆ ಒತ್ತಿ ನಿಂತುಬಿಟ್ಟರು. ಆಮೇಲೆ ಮಗನ ತಲೆ ಹುಡುಕಿ ನೇವರಿಸಿದರು.

ಅವಳಿಗೆ ಮೈ ಜುಮ್ಮೆಂದಿತು. ದಿನವೂ ಮಾಡುವ ಕೆಲಸ... ಅದಕ್ಕೆ ಇಷ್ಟು ಶಕ್ತಿಯಿದೆಯೆಂದು ಗೊತ್ತೇ ಇರಲಿಲ್ಲ! ತಲೆಯೆತ್ತಿದರೆ, ಅವನು ಬೆರಗಾಗಿ ಅವಳನ್ನೇ ನೋಡುತ್ತಿದ್ದ.

ಮುಂದಿನ ವಾರ ಅವನು ನಡೆದುಕೊಂಡೇ ಬಂದ.

"ಕಾರೆಲ್ಲಿ?"

"ಅಮ್ಮ ಬಿಡಲ್ಲ. ಅದರೊಳಗೇ ಕೂತು ರೇಡಿಯೋ ಕೇಳ್ತಾರೆ."

"ಮತ್ತೆ ನೀವ್ಯಾಕೆ ಬಂದ್ರಿ?"

"ರೈಲುಗಟ್ಟಲೆ ಜನರನ್ನ ಹೊತ್ಕೊಂಡು ಹೋಗ್ತೀನಿ, ಹೆದರಿಕೆ ಆಗಲ್ಲ. ನಿಮ್ಮ ಮುಂದೆ ಆಗ್ತಿದೆ..." ಅವನು ಒಂದು ಹೆಜ್ಜೆ ಮುಂದೆ ಬಂದ. "ನಿಮ್ಮನ್ನ ಪ್ರೀತಿಸ್ತೀನಿ. ಬೇಡ ಅಂದ್ರೂ ಸರಿ, ಹೇಳದೆ ಇರೋಕಾಗಲ್ಲ."

ಅವಳು ಒದ್ದೆ ಕೈಯಲ್ಲೇ ಅವನ ಕೈ ಹಿಡಿದಳು.

"ನಿಮ್ಮಮ್ಮ ನಿನ್ನೆ ಫೋನ್ ಮಾಡಿದ್ರು. 'ನನ್ನ ಮಗ ನಾಳೆ ಬರ್ತಾನೆ, ಬೇಡ ಅನ್ಬೇಡಮ್ಮ' ಅಂತ!"

"ಹೌದಾ?! ನೀವೇನಂದ್ರಿ?"

ಅವಳು ಕಣ್ಣು ತಗ್ಗಿಸಿ ನಕ್ಕಳು.

"'ಆಯ್ತು ಅತ್ತೆ' ಅಂದೆ."